ತಂತಿಯ ಕಡೆ, ಗಾಳಿಯ ಕಡೆ

ಲಕ್ವಾ ಹೊಡೆದು ಮಾತು ಹೋದವರಿಗೆ ಮಾತು ಮರಳಿ ಕೊಡಬಹುದು ಎಂಬ ಸುದ್ದಿ ಬಂದಾಗ ಜನ ಮೊದಲು ನಂಬಲಿಲ್ಲ. ನಂಬಿದ ಮೇಲೆ ಯಥಾಪ್ರಕಾರ ಸರದಿ ಹಚ್ಚಿ ನಿಂತರು. ಮಿದುಳಿನಲ್ಲಿ ಸತ್ತುಹೋದ ಭಾಗ ಮಾಡಬೇಕಿದ್ದ ಕೆಲಸವನ್ನು ಧಾರವಾಡದ ಒಂದು ಕೇಂದ್ರದ ಯಂತ್ರ ಮಾಡುತ್ತಿತ್ತು. ರೋಗಿಯ ಕಿವಿಯ ಹಿಂದೆ, ಚರ್ಮದ ಕೆಳಗೆ, ಹುಣಸೆಬೀಜದಷ್ಟು ಒಂದು ಬಿಲ್ಲೆ ಕೂರಿಸುತ್ತಿದ್ದರು. ಅವನು ಏನು ಹೇಳಹೊರಟಿದ್ದಾನೆ ಎಂಬುದನ್ನು ಬಿಲ್ಲೆ ಹಿಡಿದು ಧಾರವಾಡಕ್ಕೆ ಕಳಿಸುತ್ತದೆ, ಯಂತ್ರ ಅದಕ್ಕೆ ಮಾತು ಹುಡುಕಿ ತಿರುಗಿ ಕಳಿಸುತ್ತದೆ, ಬಾಯಿ ಆಡುತ್ತದೆ. ಕೇಂದ್ರದ ಪೂರ್ತಿ ಹೆಸರು ಹೇಳಿ ಮುಗಿಸಲು ಗಟ್ಟಿಮುಟ್ಟಾದ ಮಾತುಗಾರನಿಗೂ ಎರಡು ಸಲ ಉಸಿರು ಬೇಕು. ಮಾತು ಹೋದವರ ಸಂಸ್ಥೆಗೆ ಅಂಥ ಹೆಸರಿಟ್ಟ ಪುಣ್ಯಾತ್ಮ ಯಾರೋ ತಿಳಿಯದು. ಜನ ಮಾತ್ರ ಆ ಯಂತ್ರದ ವ್ಯವಸ್ಥೆಯನ್ನು ‘ಊರುಗೋಲು’ ಎಂದು ಕರೆದರು, ಅದೇ ಉಳಿಯಿತು.

ಒಬ್ಬ ರೋಗಿಗೆ ಒಂದು ಊರುಗೋಲು. ಮೊದಮೊದಲು ಅದು ಪಠ್ಯಪುಸ್ತಕದ ಹಾಗೆ ಮಾತಾಡಿಸುತ್ತದೆ. ದಿನ ಕಳೆದಂತೆ ತನ್ನ ಮನುಷ್ಯನ ನೆನಪು, ಸಿಟ್ಟು, ಬೈಗುಳ ಎಲ್ಲ ಕಲಿತುಕೊಂಡು, ಹೊಸ ಚಪ್ಪಲಿ ಕಾಲಿಗೆ ಹೊಂದುವ ಹಾಗೆ ಹೊಂದಿಕೊಳ್ಳುತ್ತದೆ. ಒಂದೆರಡು ವರ್ಷವಾದ ಮೇಲೆ ಯಾವುದು ಮನುಷ್ಯ, ಯಾವುದು ಕೋಲು ಎಂದು ಬಿಡಿಸಿ ಹೇಳಲು ಅದನ್ನು ಕಟ್ಟಿದವರಿಗೂ ಆಗುವುದಿಲ್ಲ.

ಹುಬ್ಬಳ್ಳಿಯಲ್ಲಿ ಸಾಲುಮನೆಗಳ ಒಂದು ಹಳೇ ಚಾಳದಲ್ಲಿದ್ದ ವಿರೂಪಾಕ್ಷ ಹೂಗಾರನಿಗೆ ಇಂಥದೊಂದು ಊರುಗೋಲು ಸಿಕ್ಕಿತು. ಅವನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ ಎಂದು ಕೂಗುತ್ತಿದ್ದವನು. ಅರ್ಧ ಹುಬ್ಬಳ್ಳಿಗೆ ಅವನ ಮುಖ ಗೊತ್ತಿಲ್ಲ, ದನಿ ಗೊತ್ತು. ಅಂಥವನ ಮಾತೇ ಹೋಯಿತು. ಹೆಂಡತಿ ಶೈಲಶ್ರೀ ಒಂದು ವರ್ಷ ಅವನ ಕಣ್ಣು ನೋಡಿಕೊಂಡೇ ಹಸಿವು, ನೀರಡಿಕೆ ತಿಳಿದುಕೊಂಡಳು. ಆಮೇಲೆ ಕೇಂದ್ರದಿಂದ ತಬಸ್ಸುಮ್ ದೊಡ್ಡಮನಿ ಎಂಬ ಎಂಜಿನಿಯರು ಒಂದು ಕರೀ ಲ್ಯಾಪ್‌ಟಾಪು ತಂದು ಮೇಜಿನ ಮೇಲಿಟ್ಟಳು.

ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಇತ್ತು. ಅದರ ಒಂದು ಬದಿಯಿಂದ ತಂತಿ ಹೊರಟು ವಿರೂಪಾಕ್ಷನ ಕಿವಿಯ ಹಿಂದಿನ ಬಿಲ್ಲೆಗೆ ಸೇರುತ್ತಿತ್ತು. ಇನ್ನೊಂದು ಬದಿ ತಂತಿಯಿಲ್ಲದೆ, ಗೋಡೆಯ ಮೇಲಿನ ವೈಫೈ ಡಬ್ಬಿಯ ಮೂಲಕ ಧಾರವಾಡಕ್ಕೆ. ಎರಡು ದೋಣಿಯ ಮೇಲೆ ಕಾಲಿಡಬಾರದು ಅನ್ನುತ್ತಾರೆ, ಈ ಲ್ಯಾಪ್‌ಟಾಪಿನ ಉದ್ಯೋಗವೇ ಅದು.

“ನೋಡ್ರಿ ಅಕ್ಕಾರ,” ಎಂದಳು ತಬಸ್ಸುಮ್. “ಇದಕ್ಕ ಎರಡು ದಾರಿ ಅದಾವ. ತಂತಿದೊಂದು, ಗಾಳಿದೊಂದು. ತಂತಿ ಚುಚ್ಚಿದ ಕೂಡಲೇ ಇದು ತಂತೀನ ದೊಡ್ಡ ರಸ್ತಾ ಅಂತ ತಿಳಕೋತದ. ಧಾರವಾಡಕ್ಕ ಹೋಗಬೇಕಾದ್ದನ್ನೂ ನಿಮ್ಮವರ ತಲಿಗೇ ಕಳಸ್ತದ. ಅಲ್ಲೇನದ ಉತ್ತರ ಕೊಡಾಕ? ಎಲ್ಲಾ ನಿಂತು ಬಿಡ್ತದ.”

“ಅವರ ತಲ್ಯಾಗ ಏನೂ ಇಲ್ಲಂತೀರೇನು?” ಎಂದು ಶೈಲಶ್ರೀ ಕೇಳಿದಳು. ಒಂದು ವರ್ಷದಲ್ಲಿ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಆಗಲೇ.

ತಬಸ್ಸುಮ್ ಪರದೆಯ ಮೇಲೆ ದಾರಿಗಳ ಪಟ್ಟಿ ತೆಗೆದು ತೋರಿಸಿದಳು. ತಂತಿಯ ಮುಂದೆ ನೂರು, ಗಾಳಿಯ ಮುಂದೆ ಆರು ನೂರು ಎಂದು ಅಂಕಿ. ಈ ಲೋಕದಲ್ಲಿ ಅಂಕಿ ಸಣ್ಣದಿದ್ದವನಿಗೇ ಮರ್ಯಾದೆ ದೊಡ್ಡದು. ಹಾಗಾಗಿ ತಂತಿಯ ಸೆಟ್ಟಿಂಗಿನಲ್ಲಿ ‘ಈ ಸಂಪರ್ಕವನ್ನು ಇದರ ಜಾಲಕ್ಕಷ್ಟೇ ಬಳಸು’ ಎಂಬಲ್ಲಿ ಟಿಕ್ ಹಾಕಬೇಕು. ಆಗ ತಲೆಯದು ತಂತಿಯಲ್ಲಿ, ಧಾರವಾಡದ್ದು ಗಾಳಿಯಲ್ಲಿ, ಎರಡೂ ಒಟ್ಟಿಗೆ ಜಗಳವಿಲ್ಲದೆ ನಡೆಯುತ್ತವೆ. ಲ್ಯಾಪ್‌ಟಾಪು ಮತ್ತೆ ಶುರು ಮಾಡಿದಾಗಲೆಲ್ಲ ಟಿಕ್ ಇದೆಯೋ ಇಲ್ಲವೋ ನೋಡಬೇಕು. ಶೈಲಶ್ರೀ ದೇವರ ದೀಪ ನೋಡುವ ನಿಷ್ಠೆಯಿಂದ ಅದನ್ನು ಕಲಿತಳು.

“ಇನ್ನ, ಬಿಲ್ಲಿ ಮಾತನ್ನ ಯಾವ ಕಡಿಂದ ತಗೋಬೇಕು ಅಂತ ಇಲ್ಲಿ ಮೂರು ಗುಂಡಿ ಅದಾವ. ‘ತಂತಿ’ ಇರಲಿ. ಜಳಕಕ್ಕ ಕರಕೊಂಡು ಹೋಗೂವಾಗ ತಂತಿ ತಗದು ‘ಗಾಳಿ’ ಒತ್ರಿ, ಬಿಲ್ಲಿ ವೈಫೈಯಿಂದ ಕೆಲಸ ಮಾಡ್ತದ, ಸ್ವಲ್ಪ ನಿಧಾನ ಅಷ್ಟ. ಮೂರನೇದು ‘ಎರಡೂ’. ಅದನ್ನ ಮುಟ್ಟಬ್ಯಾಡ್ರಿ, ಅದು ನಮಗ, ತಪಾಸಣಿ ಮಾಡಾಕ.”

ಯಾಕೆ ಮುಟ್ಟಬಾರದು ಎಂದು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ. ವಿರೂಪಾಕ್ಷ ಬಾಯಿ ತೆರೆದು, “ಏ ಇಕೀ, ನನಗೆ ನೀರನ್ನು ಕೊಡು,” ಎಂದಿದ್ದ. ಆ ಹೊತ್ತಿನಲ್ಲಿ ಯಾರು ಏನು ಕೇಳಿಯಾರು.

ಎದುರು ಮನೆಯಲ್ಲಿ ಪದ್ಮಾವತಿ ಬಾಕಳೆ ಇದ್ದಳು. ಚಾಳಕ್ಕೆಲ್ಲ ಪದ್ದಕ್ಕ. ಓಣಿಯ ಬಾಯಲ್ಲಿ ಖಾರದ ಮಾಂಸದೂಟಕ್ಕೆ ಹೆಸರಾದ ಸಾವಜಿ ಖಾನಾವಳಿ ನಡೆಸಿದವಳು. ಅವಳ ಕೈಯ ಖಾರದ ರಸ ಉಂಡವರು ಕಣ್ಣೀರು ಒರೆಸಿಕೊಳ್ಳುತ್ತಲೇ ಇನ್ನೊಂದು ಬಟ್ಟಲು ಕೇಳುತ್ತಿದ್ದರು. ಅವಳಿಗೂ ಲಕ್ವಾ ಆಗಿತ್ತು, ಊರುಗೋಲೂ ಸಿಕ್ಕಿತ್ತು. ಆದರೆ ಕೇಂದ್ರದವರು ಆಗಾಗ ಪರಿಶೀಲನೆ ಮಾಡುತ್ತಾರೆ. ಪ್ರಗತಿ ಸಾಲದು ಎಂದು ಕಂಡವರಿಂದ ಊರುಗೋಲು ಹಿಂದಕ್ಕೆ ಪಡೆದು ಸರದಿಯಲ್ಲಿದ್ದ ಬೇರೆಯವರಿಗೆ ಕೊಡುತ್ತಾರೆ. ಪದ್ದಕ್ಕನ ಲ್ಯಾಪ್‌ಟಾಪು ವಾಪಸು ಹೋಯಿತು, ಬಿಲ್ಲೆ ಮಾತ್ರ ತಲೆಯಲ್ಲೇ ಉಳಿಯಿತು. ದೇವರು ಕೊಟ್ಟರೂ ಪೂಜಾರಿ ಕೊಡ. ಅಷ್ಟೋ ಇಷ್ಟೋ ಮಾತಾಡಲು ಕಲಿತಿದ್ದ ಹೆಂಗಸು ಮತ್ತೆ ಹೊಸ್ತಿಲ ಬಳಿ ಕುರ್ಚಿಯಲ್ಲಿ ಮೂಕಳಾಗಿ ಕೂತಳು. ಮಗಳು ರಂಜನಾ ಖಾನಾವಳಿ ನೋಡಿಕೊಳ್ಳುತ್ತ ನಡುನಡುವೆ ಓಡಿ ಬಂದು ತಾಯಿಯ ಬಾಯಿ ಒರೆಸಿ ಹೋಗುತ್ತಿದ್ದಳು.

ಆ ಚಾಳದಲ್ಲಿ ಒಂದು ರೂಢಿ. ಮೊಸರಿನ ಹೆಪ್ಪು ಕೇಳಿಕೊಂಡು ಬಂದವರಿಗೆ ಇಲ್ಲ ಎನ್ನುವ ಹಾಗಿಲ್ಲ. ಮಾತು ಬಿಟ್ಟವರೂ ಹೆಪ್ಪು ಕೊಡುತ್ತಾರೆ, ಮುಖ ಆಚೆ ತಿರುಗಿಸಿಕೊಂಡು. ಒಂದು ಚಮಚ ಕೊಟ್ಟರೆ ಕೊಟ್ಟವರ ಮೊಸರೇನೂ ಕಡಿಮೆಯಾಗುವುದಿಲ್ಲ, ಇಸಿದುಕೊಂಡವರ ಮನೆಯಲ್ಲಿ ಒಂದು ಪಾತ್ರೆ ಮೊಸರಾಗುತ್ತದೆ. ಹೆಪ್ಪಿಗೆಂದು ಬಟ್ಟಲು ಹಿಡಿದು ಬಂದ ರಂಜನಾ ಒಂದು ಮಧ್ಯಾಹ್ನ ಬಟ್ಟಲು ಮುಂದೆ ಮಾಡಲಿಲ್ಲ.

“ಕಾಕೂ, ಕಾಕಾ ಮಲಗಿದಾಗ ಅವರ ಊರುಗೋಲು ಸುಮ್ನ ಇರ್ತದಲ್ಲರಿ,” ಎಂದಳು. “ಅಷ್ಟೊತ್ತು ನಮ್ಮವ್ವಗ ಕೊಡ್ರಿ. ತಲ್ಯಾಗ ಬಿಲ್ಲಿ ಐತಿ. ಒಂದು ಮಾತು ಕೇಳಿ ಬಿಟ್ಟುಬಿಡ್ತೀನಿ.”

ಶೈಲಶ್ರೀ ಗಂಡನ ಕಡೆ ನೋಡಿದಳು. ಅವನು ಗೊರಕೆ ಹೊಡೆಯುತ್ತಿದ್ದ. ತಂತಿ ತೆಗೆದು ‘ಗಾಳಿ’ ಒತ್ತಿದಳು. ರಂಜನಾ ಕಾಕಾನ ಬಿಲ್ಲೆಯ ಬದಲು ತಾಯಿಯ ಬಿಲ್ಲೆಗೆ ಈ ಮನೆಯ ವೈಫೈ ಗುರುತು ಮಾಡಿಕೊಟ್ಟಳು. ಗಾಳಿಯ ಕಡೆ ಒಂದು ಸಲಕ್ಕೆ ಒಂದೇ ಬಿಲ್ಲೆಗೆ ಜಾಗ. ಪದ್ದಕ್ಕ ಕುರ್ಚಿಯಲ್ಲಿ ಮಿಸುಕಾಡಿ, ಮಗಳನ್ನು ನೋಡಿ, “ಒಲಿ ಆರ್ಸಿ ಬಂದಿಯೇನು?” ಎಂದಳು. ರಂಜನಾ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. ಶೈಲಶ್ರೀಯೂ ಅತ್ತಳು.

ಒಂದು ಮಾತು ಕೇಳಿ ಬಿಡುವವರು ಯಾರಿದ್ದಾರೆ? ದಿನಾ ಮಧ್ಯಾಹ್ನ ಪದ್ದಕ್ಕನಿಗೆ ಮಾತು ಬಂತು. ಆದರೆ ಮೈ ಸುಧಾರಿಸಿದ ಹಾಗೆಲ್ಲ ವಿರೂಪಾಕ್ಷನ ನಿದ್ದೆ ಕಡಿಮೆಯಾಯಿತು. ಎಚ್ಚರವಿದ್ದವನ ತಂತಿ ಕೀಳುವುದೆಂದರೆ, ಮಾತಾಡುವವನ ಬಾಯಿಗೆ ಕೈ ಅಡ್ಡ ಇಟ್ಟಂತೆ. ಆ ಕಡೆ ಪದ್ದಕ್ಕ ಮಧ್ಯಾಹ್ನವಾಗುತ್ತಲೇ ಈ ಬಾಗಿಲನ್ನೇ ನೋಡುತ್ತಿರುತ್ತಿದ್ದಳು. ಯಾರಿಗೆ ಇಲ್ಲ ಅನ್ನುವುದು? ಶೈಲಶ್ರೀ ಒಂದು ದಿನ ‘ಎರಡೂ’ ಒತ್ತಿದಳು.

ಏನೂ ಆಗಲಿಲ್ಲ. ವಿರೂಪಾಕ್ಷ ತಂತಿಯ ಕಡೆಯಿಂದ, ಪದ್ದಕ್ಕ ಗಾಳಿಯ ಕಡೆಯಿಂದ, ಇಬ್ಬರೂ ಒಟ್ಟಿಗೆ ಮಾತಾಡಿದರು. ಯಾರ ಉತ್ತರ ಯಾರಿಗೆ ಹೋಗಬೇಕೋ ಅವರಿಗೇ ಹೋಯಿತು. ಧಾರವಾಡಕ್ಕೆ ಕಾಣುವುದು ಲ್ಯಾಪ್‌ಟಾಪು ಒಂದೇ, ಅದರ ಹಿಂದೆ ಎಷ್ಟು ತಲೆ ಇವೆ ಎಂಬುದು ಕಾಣದು. ಸಂಜೆ ಇಬ್ಬರ ಕುರ್ಚಿಯನ್ನೂ ಎದುರುಬದುರು ಹಾಕುತ್ತಿದ್ದರು. ಇವನು ಗದಗ, ರೋಣ, ನರಗುಂದ ಎಂದು ಬಸ್ಸು ಕೂಗಿ ತೋರಿಸುವುದು, ಅವಳು ಮಸಾಲೆ ಅರೆಯುವುದು ಹೇಗೆಂದು ಹೇಳುವುದು, ಚಾಳದವರು ಸುತ್ತ ಕೂತು ನಗುವುದು. ಹೆಪ್ಪು ಕೊಟ್ಟರೆ ಮೊಸರೇನು ಕಡಿಮೆಯಾಗುತ್ತದೆಯೇ, ಇದು ಶೈಲಶ್ರೀಯ ಲೆಕ್ಕ. ಈ ಲೆಕ್ಕದಲ್ಲಿ ತಪ್ಪು ಹುಡುಕಲು ಆಗ ನನ್ನ ಕೈಲೂ ಆಗುತ್ತಿರಲಿಲ್ಲ, ನಿಮ್ಮ ಕೈಲೂ ಆಗುತ್ತಿರಲಿಲ್ಲ.

ಧಾರವಾಡದ ನಿಯಂತ್ರಣ ಕೊಠಡಿಯಲ್ಲಿ ತಬಸ್ಸುಮ್‌ಳ ಮುಂದಿನ ಗೋಡೆಯ ತುಂಬ ಪರದೆಗಳು. ಒಂದೊಂದು ರೋಗಿಗೆ ಒಂದೊಂದು ಗೆರೆ. ವಿರೂಪಾಕ್ಷ ಹೂಗಾರನ ಗೆರೆ ಏರತೊಡಗಿತ್ತು. ಅವನು ಬಳಸುವ ಶಬ್ದಗಳು ಹೆಚ್ಚಾಗಿದ್ದವು, ದಿನಕ್ಕೆ ಆಡುವ ಮಾತು ಇಮ್ಮಡಿಯಾಗಿತ್ತು. ನಿರ್ದೇಶಕರಾದ ಡಾಕ್ಟರ್ ಹೊಸಕೋಟಿ ಬಂದು ನೋಡಿ ಕನ್ನಡಕ ಮೇಲೇರಿಸಿದರು.

“ಈ ಗೆರೀನ ದೊಡ್ಡದು ಮಾಡಿ ಮೊದಲನೇ ಪರದೆಗೆ ಹಾಕಮ್ಮ. ಮುಂದಿನ ವಾರ ದಿಲ್ಲಿಯವರು ಬರ್ತಾರ.”

“ಸರ್, ಒಬ್ಬ ಮನುಷ್ಯ ದಿನಕ್ಕ ಇಷ್ಟು ಮಾತಾಡ್ತಾನೇನ್ರಿ?”

“ಬಸ್ ಸ್ಟ್ಯಾಂಡಿನ್ಯಾಗ ಕೂಗಾಂವ ಅಲ್ಲೇನು? ಮಾತಾಡ್ತಾನ ಬಿಡು.”

ಇಳಿಯುವ ಗೆರೆಗೆ ನೂರು ತನಿಖೆ, ಏರುವ ಗೆರೆಗೆ ಹಾರ. ಹುಬ್ಬಳ್ಳಿಗೆ ಹೋಗಿ ಒಮ್ಮೆ ನೋಡಿ ಬರಬೇಕು ಎಂದುಕೊಂಡ ತಬಸ್ಸುಮ್ ದಿಲ್ಲಿಯವರ ಗದ್ದಲದಲ್ಲಿ ಅದನ್ನು ಮುಂದಕ್ಕೆ ಹಾಕಿದಳು.

ಮನೆಯಲ್ಲಿ ಮೊದಲು ನಗೆಯೇ ಬಂದಿದ್ದು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ವಿರೂಪಾಕ್ಷ ಒಂದು ದಿನ, “ಎಲುಬಿನ ರಸಕ್ಕ ಮೊದಲ ಗಸಗಸಿ ಹುರೀಬೇಕು,” ಎಂದ. ಶೈಲಶ್ರೀ ಅದನ್ನು ಚಾಳದ ತುಂಬ ಹೇಳಿ ನಗಿಸಿದಳು. ಆಮೇಲೆ ಒಂದು ಸಂಜೆ ಗಂಡನ ಮನೆಯಲ್ಲಿದ್ದ ಅವನ ಮಗಳು ಫೋನಿನಲ್ಲಿ, “ಅಪ್ಪಾ, ರೋಣದ ಬಸ್ಸು ಎಷ್ಟನೇ ಪ್ಲಾಟ್‌ಫಾರ್ಮು?” ಎಂದು ಎಂದಿನ ಆಟ ಆಡಿದಾಗ ಅವನು ತಡವರಿಸಿದ. ಗೊತ್ತಿಲ್ಲ ಎಂದ. ಅಂದು ಯಾರೂ ನಗಲಿಲ್ಲ.

ಶ್ರಾವಣದಲ್ಲಿ ಪದ್ದಕ್ಕನಿಗೆ ಎರಡನೇ ಸಲ ಲಕ್ವಾ ಹೊಡೆಯಿತು, ಆಸ್ಪತ್ರೆಯ ದಾರಿಯಲ್ಲೇ ಹೋದಳು. ಚಾಳವೆಲ್ಲ ಅತ್ತಿತು. ಶೈಲಶ್ರೀ ಗುಂಡಿಯನ್ನು ಮತ್ತೆ ‘ತಂತಿ’ಗೆ ತಂದಳು. ಅಲ್ಲಿಗೆ ಮುಗಿಯಿತು ಎಂದುಕೊಂಡಳು. ದಿನಗಳು ಕಳೆದ ಮೇಲೆ, ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟಾಗ ವಿರೂಪಾಕ್ಷ ಅವಳ ಮುಖವನ್ನು ಪ್ರೀತಿಯಿಂದ ನೋಡಿದ.

“ಶೈಲವ್ವಾ, ನಿಮ್ಮವರು ಹೆಂಗದಾರ?” ಎಂದ. “ಬಾಳ ದಿನಾ ಆತು, ಅವರ ದನೀನ ಕೇಳಿಲ್ಲ.”

ಅವಳನ್ನು ಶೈಲವ್ವ ಎಂದು ಕರೆಯುತ್ತಿದ್ದವಳು ಪದ್ದಕ್ಕ ಒಬ್ಬಳೇ. ಶೈಲಶ್ರೀ ಉಪ್ಪಿಟ್ಟಿನ ಸೌಟು ಕೆಳಗಿಟ್ಟಳು. ಧಾರವಾಡಕ್ಕೆ ಫೋನು ಮಾಡಿದಳು, ನಡೆದದ್ದನ್ನೆಲ್ಲ ಹೇಳಿದಳು.

ತಬಸ್ಸುಮ್ ಬಂದದ್ದು ವಾರದ ಮೇಲೆ. ಬೈಯಲಿಲ್ಲ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

“ಮಾತು ಅದಲುಬದಲು ಆಗಿಲ್ಲ ಅಕ್ಕಾರ. ದಾರಿ ಎರಡೂ ಬೇರೆಬೇರೇನ ಇದ್ದವು,” ಎಂದಳು. “ಆದರ ಕಲಿಯೂ ಕೋಲು ಒಂದ. ಇಬ್ಬರೂ ಕೂಡಿ ಅದಕ್ಕ ಕಲಿಸಿದ್ರು. ಅದು ಇಬ್ಬರನ್ನೂ ಒಬ್ಬರು ಅಂತ ತಿಳಕೊಂಡು ಕಲೀತು. ಮುಟ್ಟಬ್ಯಾಡ್ರಿ ಅಂದೆ. ಯಾಕ ಅಂತ ಹೇಳಿದ್ದರ ಚೊಲೊ ಇತ್ತು.”

“ಹಳೇದನ್ನ ತಿರುಗಿ ಹಾಕಾಕ ಬರೂದಿಲ್ಲೇನು? ಮೊದಲಿನ ಹಂಗ?”

“ಹಳೇ ಪ್ರತಿ ಎರಡು ತಿಂಗಳಷ್ಟ ಇಡ್ತೀವ್ರಿ. ಇಬ್ಬರೂ ಕೂಡೂದರ ಮೊದಲಿನವೆಲ್ಲಾ ಅಳಿಸಿ ಹೋಗ್ಯಾವ.”

“ಹಿಂಗ ಬಿಟ್ಟರ?”

ತಬಸ್ಸುಮ್ ವಿರೂಪಾಕ್ಷನ ಕಡೆ ನೋಡಿ ದನಿ ತಗ್ಗಿಸಿದಳು. “ಜನ ಯಾವ ಮಾತಿಗೆ ಉತ್ತರ ಕೊಡ್ತಾರೋ ಅದು ಬೆಳೀತದ. ಆ ಹುಡುಗಿ ದಿನಾ ಸಂಜೀಗೆ ಬಂದು ಅವ್ವಾ ಅಂತ ಮಾತಾಡಸ್ತಾಳಂತ. ನಿಮ್ಮವರು ದಿನಾ ಸ್ವಲ್ಪ ಸ್ವಲ್ಪ ಹೊಂಟಾರ.”

ಹೌದು, ಸುದ್ದಿ ಕಿವಿಗೆ ಬಿದ್ದಂದಿನಿಂದ ರಂಜನಾ ಬರುತ್ತಿದ್ದಳು. ತಾನೇ ಸುಟ್ಟು ಬಂದ ತಾಯಿ ಎದುರು ಮನೆಯ ಗಂಡಸಿನ ಬಾಯಲ್ಲಿ, “ಮಗಾ, ಬಡಕಲಾಗೀಯಲ್ಲ,” ಎಂದರೆ ಯಾವ ಮಗಳು ಬಾರದೆ ಇರುತ್ತಾಳೆ?

ಕೇಂದ್ರದಲ್ಲಿ ಡಾಕ್ಟರ್ ಹೊಸಕೋಟಿ ಮೊದಲನೇ ಪರದೆಯಿಂದ ಗೆರೆ ತೆಗೆಸಿದರು. ಒಂದು ತಲೆಗೆ ಒಂದು ಕೋಲು, ಸತ್ತವರ ಮಾತು ಬದುಕಿದವನ ಬಾಯಲ್ಲಿ ಬರುತ್ತದೆಂದು ಹೊರಗೆ ತಿಳಿದರೆ ಕೇಂದ್ರಕ್ಕೇ ಬೀಗ ಎಂದರು. ಇಡೀ ಊರುಗೋಲನ್ನು ಅಳಿಸಿಬಿಡಿ ಎಂದೂ ಹೇಳಿದರು. ಅಳಿಸಿದರೆ ವಿರೂಪಾಕ್ಷ ಮತ್ತೆ ಮೂಕ, ಹೊಸದಕ್ಕೆ ಸರದಿಯ ಬಾಲದಲ್ಲಿ ನಿಲ್ಲಬೇಕು. ತಬಸ್ಸುಮ್ ಕಾಡಿ ಬೇಡಿ ಮುಂದಿನ ಪರಿಶೀಲನೆಯ ತನಕ ಅವಕಾಶ ಪಡೆದಳು. ಅಷ್ಟರೊಳಗೆ ಕೋಲನ್ನು ಶುದ್ಧ ಮಾಡಬೇಕು. ಮಾಡುವ ರೀತಿ ಒಂದೇ. ವಿರೂಪಾಕ್ಷ ಆಡಿದ ಒಂದೊಂದು ಮಾತಿಗೂ ಅದು ಯಾರದೆಂದು ಗುರುತು ಹಾಕಬೇಕು. ಅವನದಲ್ಲ ಎಂದರೆ ಯಂತ್ರ ಆ ಮಾತನ್ನೂ ಅದರ ಬೇರನ್ನೂ ಕಿತ್ತುಹಾಕುತ್ತದೆ. ಕಿತ್ತದ್ದು ಮತ್ತೆ ಬರುವುದಿಲ್ಲ.

“ಯಾರ ಮಾತು ಅಂತ ಯಂತ್ರಕ್ಕ ತಿಳಿಯಂಗಿಲ್ಲ, ನನಗೂ ತಿಳಿಯಂಗಿಲ್ಲ,” ಎಂದಳು ತಬಸ್ಸುಮ್. “ಸಂಸಾರ ಮಾಡಿದವರಿಗೆ ತಿಳೀತದ.”

ಲ್ಯಾಪ್‌ಟಾಪಿನ ಪರದೆಯ ಮೇಲೆ ಎರಡು ಗುಂಡಿ ಬಂದವು. ಹಸಿರು ‘ಅವರದು’, ಕೆಂಪು ‘ಅಲ್ಲ’. ಶೈಲಶ್ರೀ ರಂಜನಾಳಿಗೆ ಇನ್ನು ಬರಬೇಡ ಎಂದು ಹೇಳಿದಳು. ಆ ಚಾಳದಲ್ಲಿ ಕೇಳಿಕೊಂಡು ಬಂದವರನ್ನು ಬಾಗಿಲಿಂದ ತಿರುಗಿ ಕಳಿಸಿದ್ದು ಅದೇ ಮೊದಲು. ಹೇಳಿದವಳಿಗೆ ಅನ್ನ ಇಳಿಯಲಿಲ್ಲ, ಕೇಳಿಸಿಕೊಂಡವಳು ಎದುರು ಮನೆಯ ಹೊಸ್ತಿಲಲ್ಲಿ ತಾಯಿಯ ಕುರ್ಚಿ ಹಾಕಿಕೊಂಡು ಕೂತಳು. ಕಿವಿ ಮಾತ್ರ ಇತ್ತಲೇ.

ಕೆಲಸ ಶುರುವಾಯಿತು. ಗಸಗಸೆ, ಕೆಂಪು. ನರಗುಂದದ ಕೊನೇ ಬಸ್ಸು, ಹಸಿರು. ಮಟನ್ ಅಂಗಡಿಯವನು ತೂಕದಲ್ಲಿ ಮೋಸ ಮಾಡುತ್ತಾನೆ, ಕೆಂಪು. ಕರವಸ್ತ್ರ ಹಾಕಿ ಹಿಡಿದ ಕಿಟಕಿ ಸೀಟಿನಲ್ಲಿ ಹೊಸ ಹೆಂಡತಿಯನ್ನು ಕೂರಿಸಿದ್ದು, ಹಸಿರು. ರಂಜನಾ ಹುಟ್ಟಿದ ದಿನ ಒಲೆಯ ಮುಂದೆಯೇ ಬೇನೆ ಬಂದದ್ದು. ಅದಕ್ಕೆ ಕೆಂಪು ಗುಂಡಿ ಒತ್ತುವಾಗ ಶೈಲಶ್ರೀ ಕಣ್ಣು ಮುಚ್ಚಿಕೊಂಡಳು. ಕೊಲೆ ಎಂದರೆ ಕತ್ತಿಯೇ ಬೇಕೆಂದಿಲ್ಲ ಎಂದು ಅವಳಿಗೆ ಅನ್ನಿಸಿತು. ವಾರಗಳು ಹೋದವು. ವಿರೂಪಾಕ್ಷ ರೋಣದ ಬಸ್ಸಿಗೆ ಪ್ಲಾಟ್‌ಫಾರ್ಮು ಹೇಳಿದ. ಅವಳನ್ನು ಮತ್ತೆ “ಏ ಇಕೀ” ಎಂದ.

ಪರಿಶೀಲನೆಗೆ ಮುನ್ನಾದಿನ ತಬಸ್ಸುಮ್ ಧಾರವಾಡದಿಂದ ಫೋನಿನಲ್ಲೇ ಕೂತಿದ್ದಳು, ಒಂದು ಕಣ್ಣು ಪರದೆಯ ಮೇಲೆ. ಶೈಲಶ್ರೀ ಗಂಡನಿಗೆ ಊಟ ಬಡಿಸಿದಳು. ತಡೆಯಲಾರದೆ ರಂಜನಾ ಬಂದು ಬಾಗಿಲ ಒಳಗೆ ನಿಂತಿದ್ದಳು. ಶೈಲಶ್ರೀ ಅವಳನ್ನು ಹೊರಗೆ ಕಳಿಸಲಿಲ್ಲ.

ವಿರೂಪಾಕ್ಷ ರೊಟ್ಟಿ ಮುರಿದು, ತಲೆ ಎತ್ತಿ ಹೆಂಡತಿಯನ್ನು ನೋಡಿದ.

“ನೀ ಉಂಡಿಯೇನು?” ಎಂದ.

ಶೈಲಶ್ರೀಯ ಬೆರಳು ನಿಂತಿತು. ಮದುವೆಯಾಗಿ, ಮಗಳನ್ನು ಹೆತ್ತು, ಬೆಳೆಸಿ, ಅವಳನ್ನು ಗಂಡನ ಮನೆಗೆ ಕಳಿಸುವ ತನಕ ಅವನು ಈ ಮಾತು ಕೇಳಿದವನಲ್ಲ. ಕೆಟ್ಟವನಲ್ಲ. ಪಾಳಿ ಮುಗಿಸಿ ಬರುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ, ಅಷ್ಟೇ. ಈಚಿನ ತಿಂಗಳುಗಳಲ್ಲಿ ಮಾತ್ರ ದಿನಾ ಕೇಳುತ್ತಿದ್ದ. ರೋಗ ಮನುಷ್ಯನನ್ನು ಮೆತ್ತಗೆ ಮಾಡುತ್ತದೆ ಎಂದುಕೊಂಡು ಅವಳು ಯಾರಿಗೂ ಹೇಳದೆ ಸುಖಪಟ್ಟಿದ್ದಳು. ದಿನಾ ಆ ಮಾತಿಗೆ ಕಾದಿದ್ದಳು.

“ಅಕ್ಕಾರ,” ಎಂದಳು ತಬಸ್ಸುಮ್ ಫೋನಿನಲ್ಲಿ. “ಈ ಒಂದು ಮಾತಿಗೆ ಬಾಳ ಬೇರು ಅದಾವ. ಉಳಿದದ್ದೆಲ್ಲಾ ಸ್ವಚ್ಛ ಆಗೇತಿ. ಇದು ಅವರದ ಇದ್ದರ ಸರಿ. ಅವರದಲ್ಲಂದ್ರ, ಇದರಿಂದ ತಿರುಗಿ ಎಲ್ಲಾ ಚಿಗರ್ತದ. ನಾಳೆ ಅಲ್ಲೀಗೆ ಮುಗೀತು. ಯಾರದಿದು?”

ರಂಜನಾ ಎರಡು ಹೆಜ್ಜೆ ಮುಂದೆ ಬಂದಳು. “ಕಾಕೂ, ಅದೊಂದು ಬಿಡ್ರಿ,” ಎಂದಳು. “ಖಾನಾವಳಿಗೆ ಬಂದವರಿಗೆಲ್ಲಾ ನಮ್ಮವ್ವ ಕೇಳತಿದ್ದ ಮಾತದು. ಮತ್ತೇನೂ ಉಳಿದಿಲ್ಲ.”

ಶೈಲಶ್ರೀ ಅವಳನ್ನು ನೋಡಲಿಲ್ಲ. ಗಂಡನನ್ನು ನೋಡಿದಳು. ಅವನು ಇನ್ನೂ ಉತ್ತರಕ್ಕೆ ಕಾಯುತ್ತಿದ್ದ, ಕೈಯಲ್ಲಿ ರೊಟ್ಟಿಯ ತುಂಡು.

“ಇನ್ನಾ ಇಲ್ರಿ,” ಎಂದಳು. “ನೀವು ಉಣ್ರಿ.”

ಆಮೇಲೆ ಕೆಂಪು ಒತ್ತಿದಳು.

ವಿರೂಪಾಕ್ಷನ ತುಟಿ ಸ್ವಲ್ಪ ಹೊತ್ತು ಸುಮ್ಮನೆ ಆಡಿತು. ಕಣ್ಣು ಹೆಂಡತಿಯ ಮುಖದಿಂದ ಇಳಿದು ತಟ್ಟೆಗೆ ಹೋಯಿತು. ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡ.

“ಸಾರಿಗೆ ಉಪ್ಪ ಜಾಸ್ತಿ ಆಗೇತಿ,” ಎಂದ.

“ಇದು ಯಾರದ್ರಿ?” ಎಂದಳು ತಬಸ್ಸುಮ್.

“ಇದು ನಮ್ಮವರದು,” ಎಂದು ಶೈಲಶ್ರೀ ಹಸಿರು ಒತ್ತಿದಳು. ರಂಜನಾ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ವಿರೂಪಾಕ್ಷ ಊಟ ಮುಗಿಸಿ, ಕೈ ತೊಳೆಸಿಕೊಂಡು, ಗೋಡೆಯ ಕಡೆ ಹೊರಳಿ ಮಲಗಿದ. ಶೈಲಶ್ರೀ ತಟ್ಟೆ ಹಾಕಿಕೊಂಡು ಒಬ್ಬಳೇ ಕೂತಳು.